ಜಗಲಿಯ ಜಾಝ್

ನವೆಂಬರ್ ೬, ಬುಧವಾರ

ಈ ಸೀಸನ್ನಿಗೆ ಒಬ್ಬ ಹಾಡುಗಾರ್ತಿ ಬರುತ್ತಾರಂತೆ. ಶುಕ್ರವಾರ, ಶನಿವಾರ ಸಂಜೆ ಹಳೇ ಬಂಗಲೆಯ ಜಗಲಿಯಲ್ಲಿ ಹಾಡುತ್ತಾರೆ, ಮಾರ್ಚ್‌ವರೆಗೆ. ಬೆಳಗಿನ ಮೀಟಿಂಗಿನಲ್ಲಿ ಅಕ್ಷಿತ್ ಸರ್ ಹೇಳಿದರು. ರೆಸಾರ್ಟು ಅವರ ಅಪ್ಪನದು, ಐಡಿಯಾಗಳೆಲ್ಲ ಇವರದು. "ಜಾಝ್" ಅಂದರು. ಹಾಗಂದರೇನು ಸರ್ ಅಂದೆ. ಸ್ವಲ್ಪ ಯೋಚಿಸಿ, "ಇಂಗ್ಲಿಷ್ ಭಾವಗೀತೆ ಅಂದ್ಕೊಳ್ಳಿ ರಂಜಿತಾ. ಆದ್ರೆ ಒಂದೇ ಹಾಡನ್ನ ಪ್ರತಿ ಸಲ ಬೇರೆ ಥರ ಹಾಡ್ತಾರೆ" ಅಂದರು. ಹಾಗಾದರೆ ಅದೇ ಹಾಡು ಅಂತ ಗೆಸ್ಟುಗಳಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳೋಣ ಅನ್ನಿಸಿತು. ಕೇಳಲಿಲ್ಲ.

ಅವರ ಊಟ, ರೂಮು, ಓಡಾಟ ಎಲ್ಲ ನಾನೇ ನೋಡಿಕೊಳ್ಳಬೇಕು. ಫ್ರಂಟ್ ಆಫೀಸಿನ ಕೆಲಸದ ಜತೆಗೆ ಇದೂ. ಆಗಲಿ ಸರ್ ಅಂದೆ.

ಶಶಿಕುಮಾರ್ ಫೋನ್ ಮಾಡಿದ್ದರು, ಎತ್ತಲಿಲ್ಲ. ಕುಶಾಲನಗರದ ಮನೆ ಬಿಟ್ಟು ಇಲ್ಲಿ ಸ್ಟಾಫ್ ಕ್ವಾರ್ಟರ್ಸಿಗೆ ಬಂದು ವರ್ಷವಾಗುತ್ತ ಬಂತು. "ಯಾವಾಗ ಬರ್ತೀಯ" ಎಂದು ಮೆಸೇಜು ಹಾಕುತ್ತಾರೆ. ಹೊಡೆಯುವ ಗಂಡನಲ್ಲ, ಕುಡಿಯುವ ಗಂಡನೂ ಅಲ್ಲ. ಹಾಗಾಗಿ ಯಾಕೆ ಬಿಟ್ಟು ಬಂದೆ ಎಂದು ಯಾರಿಗಾದರೂ ಹೇಳುವುದು ಕಷ್ಟ.

ನವೆಂಬರ್ ೭, ಗುರುವಾರ

ಗೋಣಿಕೊಪ್ಪ ಬಸ್ ಸ್ಟ್ಯಾಂಡಿನಿಂದ ಆ ಹಾಡುಗಾರ್ತಿಯನ್ನು ಕರೆದುಕೊಂಡು ಬಂದೆ. ಉದ್ದ ಗೌನು, ಕೆಂಪು ಲಿಪ್‌ಸ್ಟಿಕ್ಕು, ದೊಡ್ಡ ಸೂಟ್‌ಕೇಸು ಎಂದೆಲ್ಲ ಅಂದುಕೊಂಡಿದ್ದೆ. ಬಸ್ಸಿನಿಂದ ಇಳಿದದ್ದು ಹತ್ತಿ ಸೀರೆಗೆ ಕ್ಯಾನ್ವಾಸ್ ಶೂ ಹಾಕಿಕೊಂಡ, ಕೂದಲೆಲ್ಲ ಬೆಳ್ಳಗಾದ ಹೆಂಗಸು. ನಾನು ಅವರ ಹಿಂದೆ ಇಳಿಯುವವರನ್ನು ನೋಡುತ್ತ ನಿಂತಿದ್ದೆ.

"ಯಾರನ್ನ ಹುಡುಕ್ತಿದೀಯವ್ವ? ಹಾಡಾಕೆ ಬಂದಿರೋಳು ನಾನೇ" ಅಂದರು.

ಹೆಸರು ಕುಸುಮಾ. ವಯಸ್ಸು ಅರವತ್ತೇಳು. ಮಾತೆಲ್ಲ ಸೋಮವಾರಪೇಟೆ ಕಡೆಯದು. ತಂದೆಗೆ ಅಲ್ಲಿ ಏಲಕ್ಕಿ ವ್ಯಾಪಾರವಿತ್ತಂತೆ. ಗಾಡಿ ಓಡಿಸುತ್ತ ನಾನು ಹೆಚ್ಚು ಕೇಳಲಿಲ್ಲ, ಅವರೂ ನನ್ನನ್ನು ಏನೂ ಕೇಳಲಿಲ್ಲ. ಪಾಲಿಬೆಟ್ಟದ ಹತ್ತಿರ ಬಂದಾಗ "ಗೇರ್ ಬದಲಾಯ್ಸೋದು ಚೆಂದ ಬರ್ತದೆ ನಿಂಗೆ" ಅಂದರು. ಅದು ಹೊಗಳಿಕೆಯೋ ಏನೋ.

ನವೆಂಬರ್ ೯, ಶನಿವಾರ

ಎರಡು ಶೋ ಆದವು. ಪಿಯಾನೋಗೆ ಮಂಜೇಶ್ ಎಂಬುವರು ಬಂದಿದ್ದಾರೆ. ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವರು, ನಲವತ್ತರ ಆಸುಪಾಸು, ಹೆಚ್ಚು ಮಾತಿಲ್ಲ.

ಕುಸುಮಾ ಮೇಡಂ ದನಿ ಇಂಪಾಗಿಲ್ಲ. ಬೆಳಗ್ಗೆ ಎದ್ದ ಕೂಡಲೇ ಮಾತಾಡಿದ ಹಾಗೆ ಒರಟು. ಒಂದೊಂದು ಪದ ತಡವಾಗಿ ಬರುತ್ತದೆ, ಬರುವುದೇ ಇಲ್ಲವೇನೋ ಅನ್ನುವಷ್ಟು ತಡ. ಗೆಸ್ಟುಗಳು ತಿನ್ನುತ್ತ ಮಾತಾಡುತ್ತಿದ್ದರು. ಒಂದು ಕುಟುಂಬದವರು ಹಿಂದಿ ಹಾಡು ಇಲ್ಲವೇ ಎಂದು ನನ್ನ ಹತ್ತಿರ ಕೇಳಿದರು. ಹೋಗಿ ಮೇಡಂಗೆ ಹೇಳಿದೆ. "ಇದೆ ಅಂತ ಹೇಳು. ಮುಂದಿನ ವರ್ಷ" ಅಂದರು.

ಫೀಡ್‌ಬ್ಯಾಕಿನಲ್ಲಿ ಎರಡು ದೂರು ಬಂದಿವೆ. ಸೋಮವಾರ ಸರ್‌ಗೆ ಕೊಡಬೇಕು.

ನವೆಂಬರ್ ೧೯, ಮಂಗಳವಾರ

ಕನ್ನಡಕ ರಿಪೇರಿಗೆ ಮೇಡಂ ಅವರನ್ನು ಗೋಣಿಕೊಪ್ಪಕ್ಕೆ ಕರೆದೊಯ್ದೆ. ಅಂಗಡಿಯವನು ಕಾಯಲು ಹೇಳಿದ. ಗಾಡಿಯಲ್ಲೇ ಕೂತು ಬೋಂಡ ತಿಂದೆವು. ಕೇಳದೇ ಇದ್ದರೂ ಅವರೇ ಹೇಳತೊಡಗಿದರು.

ಮನೆಯಲ್ಲಿ ವಚನ ಹಾಡಿಕೊಂಡು ಬೆಳೆದವರು. ರೇಡಿಯೋದಲ್ಲಿ ಇಂಗ್ಲಿಷ್ ಹಾಡು ಕೇಳಿ, ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದ್ದರಂತೆ. ಬೆಂಗಳೂರಿಗೆ ಡಿಗ್ರಿ ಓದಲು ಹೋದಾಗ, ಗೆಳತಿಯ ಅಣ್ಣ ಒಂದು ಹೋಟೆಲ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಒಂದು ಸಂಜೆ ಅವರ ಹಾಡುಗಾರ್ತಿಗೆ ಜ್ವರ ಬಂತು.

"ಒಂದು ಸಂಜೆ ಮಟ್ಟಿಗೆ ಅಂತ ಹತ್ತಿದೆ ಕಣೆ. ಆಮೇಲೆ ಇಳೀಲೇ ಇಲ್ಲ."

"ಮನೇಲಿ ಏನಂದ್ರು?"

"ಯಾರೂ ಬೈಲಿಲ್ಲ. ಮದ್ವೆ ಕಾರ್ಡು ಕಳ್ಸೋದು ನಿಲ್ಲಿಸಿದ್ರು, ಅಷ್ಟೆ. ಅಣ್ಣನ ಮಗಳ ಮದ್ವೆ ಆಗಿದ್ದು ನಂಗೆ ಗೊತ್ತಾಗಿದ್ದು ಆ ಹುಡ್ಗಿಗೆ ಎರಡನೇ ಮಗು ಆದ್ಮೇಲೆ."

ಬೆಂಗಳೂರಾದ ಮೇಲೆ ಬೊಂಬಾಯಿ. ಆಮೇಲೆ ದುಬೈ ಹೋಟೆಲು, ಆಮೇಲೆ ಕೆಲವು ವರ್ಷ ಪ್ರವಾಸದ ಹಡಗು. ಬೊಂಬಾಯಿಯಲ್ಲಿ ಒಂದು ಕ್ಯಾಸೆಟ್ಟು ಬಂತು, ಅದು ಅಂಗಡಿಗೆ ಹೋಗುವ ಮೊದಲೇ ಕಂಪನಿ ಮುಳುಗಿತು. ಹಗಲು ಹೊತ್ತು ಜಾಹೀರಾತುಗಳಿಗೆ ಹಾಡುತ್ತಿದ್ದರಂತೆ, ಐದಾರು ಭಾಷೆಗಳಲ್ಲಿ.

"ನೀನೂ ಕೇಳಿರ್ತೀಯ. ಮಲ್ಲಿಗೆ ಮೈಗೆ, ಮುಂಜಾವು ಮನೆಗೆ. ಸೋಪಿಂದು."

ನನಗೆ ತಿನ್ನುವುದು ನಿಂತುಹೋಯಿತು. ಚಿಕ್ಕವಳಿದ್ದಾಗ ಬಚ್ಚಲಿನಲ್ಲಿ ನಾನೂ ತಮ್ಮನೂ ಅದನ್ನು ಕಿರುಚಿಕೊಂಡೇ ಸ್ನಾನ ಮಾಡುತ್ತಿದ್ದೆವು. ಗಾಡಿಯಲ್ಲಿ ಅದನ್ನು ಪೂರ್ತಿ ಹಾಡಿ ತೋರಿಸಿದೆ.

"ಮೇಲಿನ ಸ್ವರ ತಪ್ಪು" ಅಂದರು ಮೇಡಂ.

ನವೆಂಬರ್ ೨೩, ಶನಿವಾರ

ಇವತ್ತಿನ ಶೋ ಚೆನ್ನಾಗಿತ್ತು ಎಂದು ಗೆಸ್ಟುಗಳು ಹೇಳಿದರು. ಊರಿನ ಕೊನೇ ಟ್ರಾಮಿನ ಬಗ್ಗೆ ಒಂದು ಇಂಗ್ಲಿಷ್ ಹಾಡಿದೆ, ಅದರಲ್ಲಿ ಮೇಡಂ ಪದ ಬಿಟ್ಟು ಬರೀ ದಾ ಬಾ ದೂ ಬಾ ಎಂದು ಹಾಡಿದರು. ಜಾಝ್‌ನಲ್ಲಿ ಹಾಗೆ ಮಾಡುತ್ತಾರಂತೆ, ವಾದ್ಯದ ಥರ ದನಿಯಲ್ಲೇ ಆಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಷಿತ್ ಸರ್ ವಿಡಿಯೋ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕಿದರು.

ವೈರು ಸುತ್ತಿಡುತ್ತಿದ್ದ ಮಂಜೇಶ್ ಮಾತ್ರ ನಗಲಿಲ್ಲ. "ಅದು ಆಟ ಅಲ್ಲ ರಂಜಿತಾ ಅವ್ರೇ. ಸಾಲು ಮರೆತೋಗಿತ್ತು" ಅಂದರು. "ಹೋದ ವಾರಾನೂ ಹಂಗೇ ಆಯ್ತು. ಅವ್ರು ಆಟ ಆಡೋವಾಗ ನನ್ನ ಕಡೆ ನೋಡಲ್ಲ. ಮರೆತಾಗ ನೋಡ್ತಾರೆ."

ನವೆಂಬರ್ ೨೫, ಸೋಮವಾರ

ಸರ್ ವಾರದ ರಿಪೋರ್ಟು ಕೇಳಿದರು. ಮ್ಯೂಸಿಕ್ ಬಗ್ಗೆ ಏನಾದರೂ ದೂರು? ಇಲ್ಲ ಸರ್ ಅಂದೆ. ಹೊಸವರ್ಷದ ಸಂಜೆ ದೊಡ್ಡದಾಗಿ ಮಾಡೋಣ, ಕೂರ್ಗ್ ಪೂರ್ತಿ ಮಾತಾಡಬೇಕು ಅಂದರು. ಆಗಲಿ ಸರ್ ಅಂದೆ.

ಡಿಸೆಂಬರ್ ೪, ಬುಧವಾರ

ತೋಟದಲ್ಲಿ ಕಾಫಿ ಪಿಕಿಂಗ್ ಶುರುವಾಗಿದೆ. ಬೆಳಗ್ಗೆಯಿಂದ ಹಣ್ಣಿನ ಚೀಲ ಹೊತ್ತ ಟ್ರ್ಯಾಕ್ಟರುಗಳು ರಿಸೆಪ್ಷನ್ ಎದುರೇ ಹೋಗುತ್ತವೆ, ಧೂಳು ಒರೆಸಿ ಸಾಕಾಯಿತು.

ಮೇಡಂಗೆ ನಾನೇ ಹೇಳಿದೆ, ನಾನು ಮುಂದಿನ ಕುರ್ಚಿಯಲ್ಲಿ ಕೂರುತ್ತೇನೆ, ಬೇಕಾದಾಗ ನನ್ನ ಬಾಯಿ ನೋಡಿ ಎಂದು. ಯಾಕೆ ಎಂದು ಅವರು ಕೇಳಲಿಲ್ಲ. "ಹಂಗಾದ್ರೆ ನೀನು ಎಲ್ಲಾ ಹಾಡು ಕಲೀಬೇಕಾಗ್ತದೆ" ಅಂದರು.

ಕಲಿಯುತ್ತಿದ್ದೇನೆ. ಮಧ್ಯಾಹ್ನ ಊಟವಾದ ಮೇಲೆ ಅವರ ರೂಮಿನಲ್ಲಿ. ನನ್ನ ಇಂಗ್ಲಿಷು ಗೆಸ್ಟುಗಳಿಗೆ ದಾರಿ ಹೇಳುವಷ್ಟರದ್ದು. ಮೊದಲು ಟ್ರಾಮಿನ ಹಾಡು. ಊರಿನ ಕೊನೆಯ ಟ್ರಾಮು ಹೊರಟುಹೋಗಿದೆ, ಅವನು ಅದರಲ್ಲಿ ಹೋಗಿದ್ದಾನೆ, ಅವಳು ಹಳಿಯ ಪಕ್ಕ ನಡೆದುಕೊಂಡು ಮನೆಗೆ ಬರುತ್ತಾಳೆ. ಅಷ್ಟೇ ಕಥೆ. ಅವಳು ಅಳುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ.

"ತಾಳ ಬಿದ್ದ ತಕ್ಷಣ ಹೇಳ್ಬೇಡ. ಒಂಚೂರು ಹಿಂದೆ ನಿಂತ್ಕ. ಬಸ್ಸು ಹೊರಟ ಮೇಲೆ ಓಡಿ ಹತ್ತಲ್ವ, ಹಂಗೆ."

"ಬಿಟ್ಟೋದ್ರೆ?"

"ಹೋಗ್ಲಿ. ಮುಂದಿನ ಸುತ್ತು ಬರ್ತದೆ."

ಡಿಸೆಂಬರ್ ೧೫, ಭಾನುವಾರ

ಕುಶಾಲನಗರಕ್ಕೆ ಹೋಗಿದ್ದೆ. ಅಪ್ಪ ಬರಹೇಳಿದ್ದರು. ಶಶಿಕುಮಾರ್ ಮನೆಯಲ್ಲೇ ಎಲ್ಲರೂ ಕೂತರು. ಅಪ್ಪನಿಗೆ ಅಳಿಯನ ಮೇಲೆ ಗೌರವ, ನನ್ನ ಮೇಲೆ ಪ್ರೀತಿ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಕೂರುವುದು ಅವರಿಗೂ ಕಷ್ಟ.

"ಏನವ್ವಾ, ನಿನ್ ಮನಸ್ಸಲ್ಲಿ ಏನೈತೆ, ಹೇಳು" ಅಂದರು ಅಪ್ಪ.

"ಅವಳಿಗೂ ಅಲ್ಲಿ ಸಾಕಾಗಿದೆ ಮಾವ" ಅಂದರು ಶಶಿಕುಮಾರ್. "ಸೀಸನ್ ಮುಗಿಸಿ ಬಂದ್ಬಿಡ್ತಾಳೆ. ಮಧ್ಯದಲ್ಲಿ ಬಿಟ್ರೆ ಚೆನ್ನಾಗಿರಲ್ಲ ಅಂತ ಅವಳಿಗೆ."

ಮೆಲ್ಲಗೆ, ನಗುನಗುತ್ತಲೇ ಹೇಳಿದರು. ಹೋಟೆಲಿನಲ್ಲಿ ನನಗೇನು ಬೇಕು, ಡಾಕ್ಟರ ಹತ್ತಿರ ನನಗೆಲ್ಲಿ ನೋವು, ಮದುವೆಮನೆಗಳಲ್ಲಿ ನಾನು ಹೇಗಿದ್ದೇನೆ, ಹತ್ತು ವರ್ಷದಿಂದ ಎಲ್ಲವನ್ನೂ ಅವರೇ ಹೇಳುತ್ತಾರೆ. ಬಹಳ ಸಲ ಸರಿಯಾಗಿಯೇ ಹೇಳುತ್ತಾರೆ.

ಸಂಕ್ರಾಂತಿ ಕಳೆಯಲಿ ಅಂದೆ. ಅತ್ತೆ ಚಕ್ಕುಲಿ ಕಟ್ಟಿಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಎರಡು ಸಲ ಕೇಳಬೇಕಾಯಿತು. ನನ್ನ ಬಾಯಲ್ಲಿ ಟ್ರಾಮಿನ ಹಾಡು ಓಡುತ್ತಿತ್ತು.

ಡಿಸೆಂಬರ್ ೨೧, ಶನಿವಾರ

ಮೇಡಂ ಇವತ್ತು ಮೂರು ಕಡೆ ನನ್ನ ಬಾಯಿ ನೋಡಿದರು. ಯಾರಿಗೂ ತಿಳಿಯಲಿಲ್ಲ. ಎರಡನೇ ಹಾಡಿನ ನಡುವೆ ಒಬ್ಬರು ಗಟ್ಟಿಯಾಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಎದ್ದು ಹೋಗಿ, ಸರ್ ಹೊರಗೆ ಮಾತಾಡಿ ಅಂದೆ. ಅವರು ದೂರು ಕೊಟ್ಟಿದ್ದಾರಂತೆ.

ಜನವರಿ ೧, ಬುಧವಾರ

ನಿನ್ನೆ ನಡೆದದ್ದನ್ನು ಬರೆದಿಡಬೇಕು.

ಜಗಲಿ, ಅಂಗಳ ಎಲ್ಲ ತುಂಬಿತ್ತು. ಪಾಲಿಬೆಟ್ಟ, ಹುದಿಕೇರಿ ಕಡೆಯ ತೋಟದ ಮಾಲೀಕರು, ಬೆಂಗಳೂರಿನ ಗೆಸ್ಟುಗಳು, ಅಕ್ಷಿತ್ ಸರ್ ತಂದೆತಾಯಿ. ಏಳು ಗಂಟೆಗೆ ಶುರು. ಕುಸುಮಕ್ಕ ಹಸಿರು ರೇಷ್ಮೆ ಉಟ್ಟಿದ್ದರು, ಕಾಲಿಗೆ ಅದೇ ಶೂ. ಮೊದಲ ನಾಲ್ಕು ಹಾಡು ನೀರು ಕುಡಿದ ಹಾಗೆ ಹೋದವು. ಆಮೇಲೆ ಟ್ರಾಮಿನ ಹಾಡು ಬಂತು. ಮಂಜೇಶ್ ಎತ್ತಿಕೊಟ್ಟರು. ಕುಸುಮಕ್ಕ ಬಾಯಿ ತೆರೆದರು, ಏನೂ ಬರಲಿಲ್ಲ. ಮಂಜೇಶ್ ಇನ್ನೊಂದು ಸುತ್ತು ನುಡಿಸಿದರು. ಅವರು ನನ್ನ ಕಡೆ ನೋಡಿದರು. ನಾನು ಬಾಯಿ ಆಡಿಸಿದೆ. ನೋಡುತ್ತಲೇ ಇದ್ದಾರೆ, ಆದರೆ ಕಣ್ಣಿನಲ್ಲಿ ನನ್ನ ಗುರುತಿಲ್ಲ. ನಾನು ಯಾರು, ಅವರೆಲ್ಲಿ ನಿಂತಿದ್ದಾರೆ, ಒಂದೂ ಗೊತ್ತಿಲ್ಲದ ಮುಖ. ದಾ ಬಾ ದೂ ಕೂಡ ಬರಲಿಲ್ಲ. ಮೈಕು ಹಿಡಿದ ಕೈ ಕೆಳಗಿಳಿಯತೊಡಗಿತು. ಹಿಂದೆ ಯಾರೋ ಕೆಮ್ಮಿದರು.

ಮೂರನೇ ಸುತ್ತು ಬಂದಾಗ ನಾನು ಕೂತಲ್ಲಿಂದಲೇ ಮೊದಲ ಸಾಲನ್ನು ಜೋರಾಗಿ ಹೇಳಿದೆ. ಹಾಡಲಿಲ್ಲ, ಹೇಳಿದೆ ಅಷ್ಟೆ, ಬಸ್ಸಿನ ಬೋರ್ಡು ಓದುವ ಹಾಗೆ. ಕೊನೆಯ ಟ್ರಾಮು ಹೊರಟುಹೋಯಿತು ಎಂಬ ಆ ಇಂಗ್ಲಿಷ್ ಸಾಲು. ಎಲ್ಲರೂ ತಿರುಗಿ ನೋಡಿದರು. ಕುಸುಮಕ್ಕ ತಲೆ ಎತ್ತಿದರು. ಒಂದು ಗಳಿಗೆ ತಡೆದು ಅದೇ ಸಾಲನ್ನು ಹಾಡಿದರು. ನಾನು ಎರಡನೆಯದು ಹೇಳಿದೆ. ಅವರು ಹಾಡಿದರು. ಹಾಗೇ ಕೊನೆವರೆಗೂ ಹೋಯಿತು, ನಾನೊಂದು ಸಾಲು, ಅವರೊಂದು ಸಾಲು. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿಯುವ ಸಾಲಿಗೆ ಬರುವಷ್ಟರಲ್ಲಿ ಅವರು ನನ್ನ ಮಾತು ಮುಗಿಯುವ ಮೊದಲೇ ಎತ್ತಿಕೊಂಡರು. ಆಮೇಲೆ ನಾನು ನಿಲ್ಲಿಸಿದೆ.

ತುಂಬ ಹೊತ್ತು ಚಪ್ಪಾಳೆ. ಮೊದಲೇ ಪ್ರಾಕ್ಟೀಸ್ ಮಾಡಿದ್ದು ಅಂದುಕೊಂಡರು ಜನ.

ರೂಮಿಗೆ ಬಿಡಲು ಹೋದಾಗ ಕುಸುಮಕ್ಕ ಮಂಚದ ಮೇಲೆ ಕೂತು ಶೂ ಬಿಚ್ಚುತ್ತಿದ್ದರು. "ನೀನು ತಾಳ ಬಿದ್ದ ತಕ್ಷಣಾನೇ ಹೇಳ್ತಿದ್ದೆ" ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ.

ಜನವರಿ ೬, ಸೋಮವಾರ

ಆ ಇಬ್ಬರ ಐಟಂ ಪ್ರತಿ ಶನಿವಾರ ಇರಲಿ ಎಂದು ಅಕ್ಷಿತ್ ಸರ್. ವಿಡಿಯೋ ತುಂಬ ಜನ ನೋಡಿದ್ದಾರಂತೆ. ನನಗೂ ಒಂದು ಮೈಕು ಕೊಡುತ್ತಾರಂತೆ. ಆಗಲ್ಲ ಸರ್ ಅಂದೆ. ಯಾಕೆ ಅಂದರು. ಅದು ಐಟಂ ಅಲ್ಲ ಸರ್, ಅವರಿಗೆ ಹುಷಾರಿಲ್ಲ, ಅವರೇ ನಿಮಗೆ ಹೇಳುತ್ತಾರೆ ಅಂದೆ. ಸರ್ ಕೆಟ್ಟವರಲ್ಲ. ಕುರ್ಚಿ ತೋರಿಸಿ ಕೂತ್ಕೊಳ್ಳಿ ಅಂದರು. ನಾನು ನಿಂತೇ ಇದ್ದೆ.

ಜನವರಿ ೨೩, ಗುರುವಾರ

ಮೈಸೂರಿನಲ್ಲಿ ನರರೋಗದ ಡಾಕ್ಟರನ್ನು ನೋಡಿ ಬಂದೆವು. ಗಾಡಿ ಮಂಜೇಶ್ ಓಡಿಸಿದರು.

ಡಾಕ್ಟರು ಕುಸುಮಕ್ಕನನ್ನು ಇವತ್ತು ಯಾವ ವಾರ, ಯಾವ ತಿಂಗಳು ಎಂದೆಲ್ಲ ಕೇಳಿದರು. ಗಡಿಯಾರದ ಚಿತ್ರ ಬರೆಸಿದರು. ಆಮೇಲೆ ನನ್ನ ಕಡೆ ತಿರುಗಿ, "ಯಾವಾಗಿಂದ ಹೀಗೆ?" ಅಂದರು. ನನಗೆ ಗೊತ್ತಿತ್ತು, ತಾರೀಖು ಸಮೇತ. ಬಾಯಿ ತೆರೆದವಳು, "ಅವ್ರನ್ನೇ ಕೇಳಿ ಡಾಕ್ಟ್ರೇ" ಅಂದೆ.

ಕುಸುಮಕ್ಕ ಬೇಗ ಉತ್ತರ ಕೊಡಲಿಲ್ಲ. ಡಾಕ್ಟರು ವಾಚು ನೋಡಿಕೊಂಡರು. ನಾವು ಕಾದೆವು.

"ಎರಡು ವರ್ಷ ಆಯ್ತು" ಅಂದರು. "ಮೊದಲು ಹೆಸರು ಹೋದ್ವು. ಆಮೇಲೆ ಬೀದಿಗಳು. ಬೆಂಗಳೂರಲ್ಲಿ ನಮ್ಮನೆ ಕ್ರಾಸಲ್ಲೇ ನಿಂತು, ನಮ್ಮನೆ ಎಲ್ಲಿ ಅಂತ ಒಬ್ಬ ಸೊಪ್ಪಿನೋಳನ್ನ ಕೇಳ್ದೆ. ಅವಳು ಕೈ ಹಿಡ್ದು ಕರ್ಕೊಂಡೋಗಿ ಬಿಟ್ಲು. ಹಾಡು ಗಟ್ಟಿ ಇದ್ವು, ಅದಕ್ಕೆ ಯಾರಿಗೂ ಹೇಳ್ಲಿಲ್ಲ. ಈ ಕೆಲ್ಸ ಯಾಕೆ ಒಪ್ಕೊಂಡೆ ಅಂದ್ರೆ, ಒಂದು ರೂಮು, ಒಂದು ಜಗಲಿ. ದಾರಿ ತಪ್ಪಾಕೆ ಜಾಗ ಇಲ್ಲ."

ಇದೊಂದೂ ನನಗೆ ಗೊತ್ತಿರಲಿಲ್ಲ. ಮಂಜೇಶ್‌ಗೂ.

ಮಾತ್ರೆ ಕೊಟ್ಟಿದ್ದಾರೆ. ವಾಸಿಯಾಗುವುದಲ್ಲ, ನಿಧಾನ ಮಾಡಬಹುದು. ಒಬ್ಬರೇ ಇರಬಾರದು ಅಂದರು.

ವಾಪಸು ಬರುವಾಗ ತಿತಿಮತಿ ಹತ್ತಿರ ಆನೆಗಳು ರಸ್ತೆ ದಾಟುತ್ತಿದ್ದವು, ಗಾಡಿಗಳೆಲ್ಲ ನಿಂತಿದ್ದವು. ಕುಸುಮಕ್ಕ ಕಿಟಕಿ ಕಡೆ ನೋಡುತ್ತ, "ಇನ್ನು ಜಗಲಿ ಬೇಡ. ಶನಿವಾರ ಒಂದು ಮಾಡಿ ನಿಲ್ಲಿಸ್ತೀನಿ" ಅಂದರು. ಮಂಜೇಶ್ ಎಂಜಿನ್ ಆಫ್ ಮಾಡಿದರು. ಹಿಂದಿದ್ದ ಜೀಪಿನವನು ಹಾರ್ನ್ ಹೊಡೆದು ಬೈಸಿಕೊಂಡ.

ಜನವರಿ ೨೫, ಶನಿವಾರ

ಕೊನೆಯ ಶೋ. ಗೆಸ್ಟುಗಳಿಗೆ ಹೇಳಿರಲಿಲ್ಲ. ಜನ ಕಡಿಮೆ ಇದ್ದರು, ತಿನ್ನುತ್ತ ಮಾತಾಡುತ್ತಿದ್ದರು. ಕುಸುಮಕ್ಕ ಒಂದು ಸಾಲೂ ಮರೆಯಲಿಲ್ಲ. ನನಗೆ ಏನೂ ಕೆಲಸವಿರಲಿಲ್ಲ. ಕೇಳುತ್ತ ಕೂತಿದ್ದೆ.

ಫೆಬ್ರವರಿ ೯, ಭಾನುವಾರ

ಕುಶಾಲನಗರಕ್ಕೆ ಹೋಗಿ ಹೇಳಿ ಬಂದೆ. ವಾಪಸು ಬರುವುದಿಲ್ಲ, ಗೋಣಿಕೊಪ್ಪದಲ್ಲಿ ಬಾಡಿಗೆ ಮನೆ ನೋಡಿದ್ದೇನೆ, ಕುಸುಮಕ್ಕನೂ ನನ್ನ ಜತೆ ಇರುತ್ತಾರೆ ಎಂದೆ. ಕೆಲಸಕ್ಕೆ ಅಲ್ಲಿಂದಲೇ ಹೋಗಿ ಬರುತ್ತೇನೆ.

ಅಪ್ಪ ಯಾಕವ್ವಾ ಅಂದರು. ಶಶಿಕುಮಾರ್ ಉತ್ತರ ಶುರು ಮಾಡಿದರು. ನಾನೂ ಶುರು ಮಾಡಿದೆ. ಇಬ್ಬರೂ ಒಟ್ಟಿಗೆ ಮಾತಾಡುತ್ತ ಹೋದೆವು. ಸ್ವಲ್ಪ ಹೊತ್ತಿಗೆ ಅವರು ನಿಲ್ಲಿಸಿದರು. ನಾನು ಮುಗಿಸಿದೆ. ಶಶಿಕುಮಾರ್ ನೆಲ ನೋಡುತ್ತ, "ಇಷ್ಟೆಲ್ಲ ಇತ್ತು ಅಂತ ನಂಗೆ ಗೊತ್ತಿರ್ಲಿಲ್ಲ" ಅಂದರು. ಅದು ನಿಜವೇ.

ಗೇಟಿನವರೆಗೆ ಬಂದ ಅಪ್ಪ, "ನೀನು ಯಾವಾಗಿಂದ ಇಷ್ಟು ಗಟ್ಟಿಯಾಗಿ ಮಾತಾಡಾಕೆ ಕಲ್ತೆ?" ಅಂದರು. ಗಟ್ಟಿಯಾಗಿ ಮಾತಾಡಿದೆ ಎಂದು ನನಗೇನೂ ಅನ್ನಿಸಲಿಲ್ಲ. ಎಂದಿನಂತೆಯೇ ಮಾತಾಡಿದ್ದು.

ಮಾರ್ಚ್ ೧೬, ಭಾನುವಾರ

ಮೊನ್ನೆಯ ಮಳೆಗೆ ತೋಟಗಳಲ್ಲೆಲ್ಲ ಕಾಫಿ ಹೂ ಬಿಟ್ಟಿದೆ. ಗೋಣಿಕೊಪ್ಪದ ಪೇಟೆಯೊಳಕ್ಕೂ ವಾಸನೆ ಬರುತ್ತಿದೆ.

ಕುಸುಮಕ್ಕ ಹಿತ್ತಲಿನಲ್ಲಿ ಹುರುಳಿಕಾಯಿ ಸೋಸುತ್ತ ಏನೋ ಗುನುಗುತ್ತಿದ್ದರು. ನಾನು ಬಟ್ಟೆ ಹಿಂಡುತ್ತಿದ್ದೆ. ಅವರು ನಿಲ್ಲಿಸಿ, "ಇದು ಯಾವ್ದು ಹೇಳು" ಅಂದರು.

ಈಗ ಹೀಗೆ ದಿನಾ ಕೇಳುತ್ತಾರೆ. ನಾನು ಹಾಡಿನ ಹೆಸರು, ಮೊದಲ ಸಾಲು ಹೇಳಿದರೆ ಮುಂದಕ್ಕೆ ಹೋಗುತ್ತಾರೆ. ಇವತ್ತಿನದು ನನಗೆ ಗೊತ್ತಾಗಲಿಲ್ಲ. ಇನ್ನೊಂದು ಸಲ ಹಾಡಿ ಅಂದೆ. ಹಾಡಿದರು. ಪದಗಳಿಲ್ಲ. ನಿಧಾನ, ಕೆಳಗಿನ ಸ್ವರದಲ್ಲಿ ಶುರುವಾಗಿ ಒಂದು ಕಡೆ ಥಟ್ಟನೆ ಮೇಲೇರುತ್ತದೆ, ಅಲ್ಲಿಂದ ಇಳಿಯಲು ಅವಸರವೇ ಇಲ್ಲ.

"ಗೊತ್ತಿಲ್ಲ ಅಕ್ಕ. ಇದನ್ನ ನೀವು ನಂಗೆ ಹೇಳಿಕೊಟ್ಟಿಲ್ಲ."

"ಬೊಂಬಾಯಿಂದು ಇರ್ಬೇಕು."

ಮಂಜೇಶ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಕುಸುಮಕ್ಕ ಮತ್ತೆ ಹಾಡಿದರು. ಆ ಕಡೆ ಕೀಬೋರ್ಡಿನ ಮುಂದೆ ಕುರ್ಚಿ ಎಳೆದ ಸದ್ದು. ಹುಡುಕಿ ಹುಡುಕಿ ಆ ಹಾಡಿನ ಕೆಳಗೆ ಕೀಬೋರ್ಡಿನ ಸ್ವರಗಳಿಂದ ಮನೆ ಕಟ್ಟಿದರು.

"ಇದು ಯಾರ್ದೂ ಅಲ್ಲ ಅಕ್ಕ" ಅಂದರು. "ನಾ ಕೇಳಿಲ್ಲ. ನಿಮ್ದೇ ಇರ್ಬೇಕು."

"ನಂದೆಲ್ಲಿ ಬರ್ಬೇಕು ಮಾರಾಯ. ಜೀವಮಾನವೆಲ್ಲ ಕಂಡೋರ ಹಾಡೇ ಹಾಡಿದ್ದು." ಕುಸುಮಕ್ಕನಿಗೆ ನಗು ಬಂತು. ಮಡಿಲಿನ ಹುರುಳಿಕಾಯಿ ಎಲ್ಲ ಕೆಳಗೆ ಬಿತ್ತು. "ರಂಜಿತಾ, ಮೊದಲ್ನೇ ಸಾಲು ಹೇಳೆ."

"ಇದಕ್ಕೆ ಸಾಲೇ ಇಲ್ಲ ಅಕ್ಕ."

"ಅದಕ್ಕೇ ಕೇಳಿದ್ದು. ಏನಾದ್ರೂ ಹೇಳು."

ಕೈಯಲ್ಲಿ ಒದ್ದೆ ಬೆಡ್‌ಶೀಟ್ ಇತ್ತು. ಮಂಜೇಶ್ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬಂದರು. ತಾಳ ಬಿತ್ತು. ಒಂಚೂರು ತಡೆದೆ.

ಬೆಡ್‌ಶೀಟ್ ಒಣಗಿಲ್ಲ, ಮೋಡ ಬಂತು ಅಂತ ಶುರು ಮಾಡಿದೆ.